ಹಳೆ ರ‍್ಯಾಲಿಗೆ ಎಷ್ಟು ಹೇಳೋಣ?

ಕಾಕಾ ಇನ್ನೂ ಪಾನಾ ಮುಟ್ಟಿಲ್ಲ. ಸ್ಟ್ಯಾಂಡಿಗೆ ಸಿಕ್ಕಿಸಿದ ಸೈಕಲ್ಲಿನ ಸುತ್ತ ಎರಡು ಸಲ ತಿರುಗುತ್ತಾರೆ. ಮೊಳೆಗೆ ನೇತುಹಾಕಿದ ನೋಟ್‌ಬುಕ್ಕನ್ನು ತೆಗೆದು, ಕಿವಿಯ ಸಂದಿಯ ಪೆನ್ಸಿಲ್ಲನ್ನು ಕೈಗೆ ತಂದುಕೊಂಡು ನನ್ನ ಕಡೆ ನೋಡುತ್ತಾರೆ.

"ಇದು ತಯಾರಾದ ಮ್ಯಾಲೆ ಎಷ್ಟಕ್ಕ ಹೋಗ್ತೈತಿ, ಹೇಳು."

"ಮೊದಲ ರಿಪೇರಿ ಮುಗೀಲಿ ಕಾಕಾ. ರೇಟು ಆಮ್ಯಾಲೆ ನೋಡೋಣ್ರಿ."

"ಹಂಗ ಮಾಡಿದವ್ರು ಭಾಳ ಮಂದಿ ಕೈ ಸುಟ್ಕೊಂಡಾರ. ಮೊದಲ ರೇಟು, ಆಮ್ಯಾಲೆ ಪಾನಾ."

ನಾವಿರುವುದು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಪಕ್ಕದ ಬೀಸ್ಟನ್‌ನಲ್ಲಿ, ಧಾರವಾಡದಿಂದ ಬಂದು ಇಲ್ಲೇ ನೌಕರಿ ಮುಗಿಸಿ ನಿವೃತ್ತರಾದ ಕಾಕಾನ ಗ್ಯಾರೇಜಿನಲ್ಲಿ. ಮಾರ್ಚ್ ಮುಗಿಯುತ್ತ ಬಂದಿದೆ. ಅರ್ಧ ಎತ್ತಿದ ಬಾಗಿಲಿನಡಿ ತಣ್ಣನೆಯ ಗಾಳಿ ನುಗ್ಗಿ ಕಾಲು ಕೊರೆಯುತ್ತಿದೆ. ಸೀಮೆಎಣ್ಣೆ, ಗ್ರೀಸು, ಹಳೆ ರಬ್ಬರಿನ ವಾಸನೆ. ಸ್ಟ್ಯಾಂಡಿನ ಮೇಲಿರುವುದು ಬಾಗಿದ ಹ್ಯಾಂಡಲ್ಲಿನ, ಗೇರಿನ, ಕೆಂಪು ಬಣ್ಣದ ರ‍್ಯಾಲಿ. ತೀರಿಹೋದ ಒಬ್ಬ ಹಿರಿಯರ ಮನೆ ಖಾಲಿ ಮಾಡುವಾಗ ಅವರ ಮಗನಿಂದ ಕಾಕಾ ಇದನ್ನು 60 ಪೌಂಡಿಗೆ ತಂದಿದ್ದಾರೆ, ರಸೀತಿ ಬರೆಸಿಕೊಂಡೇ. ಎರಡೂ ಟಯರು ಸೀಳಿವೆ. ಹ್ಯಾಂಡಲ್ಲಿನ ಟೇಪು ಮುಟ್ಟಿದರೆ ಪುಡಿಪುಡಿ. ಮುಂದಿನ ಕೊಳವೆಯ ಮೇಲೆ ಕೊಕ್ಕರೆ ತಲೆಯ ರ‍್ಯಾಲಿ ಲಾಂಛನ ಮಾತ್ರ ಧೂಳಿನ ನಡುವೆಯೂ ಗಟ್ಟಿಯಾಗಿ ಕೂತಿದೆ.

"ಮೊದಲ ಇದರ ಜಾತಕ ತೆಗಿ," ಅನ್ನುತ್ತಾರೆ.

ಸೈಕಲ್ಲನ್ನು ತಲೆಕೆಳಗು ಮಾಡುತ್ತೇವೆ. ಪೆಡಲಿನ ಅಚ್ಚು ಕೂರುವ ದಪ್ಪ ಕೊಳವೆಯ ತಳದಲ್ಲಿ ನಲವತ್ತು ವರ್ಷದ ಕೆಸರು ಕಲ್ಲಾಗಿದೆ. ಹಳೆ ಹಲ್ಲುಜ್ಜುವ ಬ್ರಷ್ಷಿಗೆ ಸೀಮೆಎಣ್ಣೆ ಹಚ್ಚಿ ನಾನು ಉಜ್ಜುತ್ತ ಹೋದಂತೆ ಅಕ್ಷರ ಏಳುತ್ತವೆ: ಎನ್, ಕೆ, 3, ಮುಂದೆ ಒಂದಿಷ್ಟು ಅಂಕಿ. ಎನ್ ಅಂದರೆ ನಾಟಿಂಗ್‌ಹ್ಯಾಮ್. ರ‍್ಯಾಲಿಯ ಪಟ್ಟಿಯಲ್ಲಿ ಕೆ ಜುಲೈ ತಿಂಗಳು. 3 ಅಂದರೆ ವರ್ಷದ ಕೊನೆಯ ಅಂಕಿ. 1973 ಆಗಬಹುದು, 1983ಕ್ಕೂ ಅದೇ ಅಂಕಿ.

ಕಾಕಾ ವರ್ನಿಯರ್ ಹಿಡಿದು ಹಿಂದಿನ ಗಾಲಿ ಕೂರುವ ಎರಡು ಕಿವಿಗಳ ನಡುವಿನ ಅಂತರ ಅಳೆಯುತ್ತಾರೆ. 126 ಮಿಲಿಮೀಟರ್. ಎಪ್ಪತ್ತರ ದಶಕದ ಐದು ಹಲ್ಲುಚಕ್ರದ ಸೈಕಲ್ಲಿಗೆ 120 ಸಾಕಿತ್ತು. ಹಿಂದೆ ಆರು ಬಂದ ಮೇಲೆ 126 ಆಯಿತು. ಆಮೇಲೆ ಗೇರ್ ಬದಲಿಸುವ ಡಿರೇಲರನ್ನು ಬಿಚ್ಚಿ, ಅದರ ಬೆನ್ನನ್ನು ಬಟ್ಟೆಯಲ್ಲಿ ಒರೆಸಿ ಬೆಳಕಿಗೆ ಹಿಡಿಯುತ್ತಾರೆ. ಶಿಮಾನೋ ಕಂಪನಿಯ ಮಾಲು. ಸಾಸಿವೆಯಷ್ಟು ಸಣ್ಣದಾಗಿ ಎರಡು ಅಕ್ಷರ ಒತ್ತಿದ್ದಾರೆ: ಎಚ್, ಡಿ. ಶಿಮಾನೋ 1976ಕ್ಕೆ ಎ ಅಂತ ಶುರು ಮಾಡಿ ವರ್ಷಕ್ಕೊಂದು ಅಕ್ಷರ ಕೊಡುತ್ತ ಬಂತು. ಎಚ್ ಅಂದರೆ 1983, ಡಿ ಅಂದರೆ ಏಪ್ರಿಲ್. ಏಪ್ರಿಲ್‌ನಲ್ಲಿ ಜಪಾನಿನಲ್ಲಿ ತಯಾರಾದದ್ದು ಜುಲೈನಲ್ಲಿ ಇಲ್ಲಿನ ಸೈಕಲ್ಲಿಗೆ ಕೂತಿದೆ. ಮೂರು ಸಾಕ್ಷಿಯೂ ಒಂದೇ ಮಾತು ಹೇಳುತ್ತಿವೆ. ನೋಟ್‌ಬುಕ್ಕಿನಲ್ಲಿ "1983" ಬೀಳುತ್ತದೆ.

ಅದೇ ನಂಬರನ್ನು ನಾನು ಫೋನಿನಲ್ಲಿ ಬೈಕ್‌ರಿಜಿಸ್ಟರ್‌ಗೂ ಹಾಕುತ್ತೇನೆ. ಕಳುವಾದ ಸೈಕಲ್ಲುಗಳನ್ನು ಪತ್ತೆ ಮಾಡಲು ಇಲ್ಲಿನ ಪೊಲೀಸರೇ ನೋಡುವ ಪಟ್ಟಿ ಅದು. ಯಾವ ದೂರೂ ಇಲ್ಲ.

ಈಗ ಫ್ರೇಮು. ಸೀಟಿನ ಕೊಳವೆಯ ಮೇಲಿನ ಹಸಿರು ಸ್ಟಿಕರಿನಲ್ಲಿ 531 ಎಂಬ ಅಂಕಿ ಅರ್ಧ ಉಳಿದಿದೆ. ಬರ್ಮಿಂಗ್‌ಹ್ಯಾಮಿನ ರೆನಾಲ್ಡ್ಸ್ 1935ರಲ್ಲಿ ತಂದ ಮ್ಯಾಂಗನೀಸ್-ಮಾಲಿಬ್ಡಿನಮ್ ಉಕ್ಕಿನ ಕೊಳವೆ ಅದು. ತೆಳ್ಳಗೆ ಎಳೆದರೂ ಗಟ್ಟಿ. ಹಳೆ ಸೈಕಲ್ಲು ಕೊಳ್ಳುವವರ ಕಣ್ಣು ಮೊದಲು ಹೋಗುವುದು ಈ ಸ್ಟಿಕರಿಗೆ. ಕಾಕಾನ ಬೆರಳು ಹೋಗುವುದು ಬೇರೆ ಕಡೆಗೆ. ಹ್ಯಾಂಡಲ್ ಕೊಳವೆಯ ಹಿಂದೆ, ಕೆಳಗಿನ ಕೊಳವೆಯ ಹೊಟ್ಟೆಯ ಮೇಲೆ ಹೆಬ್ಬೆರಳನ್ನು ಒತ್ತಿ ನಿಧಾನ ಜಾರಿಸುತ್ತಾರೆ.

"ಕಣ್ಣು ಮುಚ್ಚಿ ಮುಟ್ಟು. ಗೋಡೆಗೋ ಕಾರಿಗೋ ಎದುರಾಎದುರು ಹೊಡದಿದ್ರ ಇಲ್ಲಿ ಒಂದು ಸುಕ್ಕು ಬೀಳ್ತೈತಿ. ಬಣ್ಣದಾಗ ಕಾಣಂಗಿಲ್ಲ, ಬೆರಳಿಗೆ ಸಿಗ್ತೈತಿ."

ಮುಟ್ಟುತ್ತೇನೆ. ನುಣುಪು. ಆಮೇಲೆ ದಾರದ ಪರೀಕ್ಷೆ. ಹಿಂದಿನ ಒಂದು ಕಿವಿಗೆ ದಾರ ಕಟ್ಟಿ, ಮುಂದಿನ ಕೊಳವೆಯನ್ನು ಬಳಸಿ ತಂದು ಇನ್ನೊಂದು ಕಿವಿಗೆ ಬಿಗಿಯುತ್ತಾರೆ. ಸೀಟಿನ ಕೊಳವೆಯಿಂದ ಎಡಕ್ಕೂ ಬಲಕ್ಕೂ ದಾರದ ದೂರ ಸಮ ಇದ್ದರೆ ಫ್ರೇಮು ನೆಟ್ಟಗಿದೆ ಅಂತ ಅರ್ಥ. ಎರಡೂ ಕಡೆ ಸಮ. ಸೀಟಿನ ಕಂಬವೂ ತಿರುಗುತ್ತದೆ. ಅಲ್ಯೂಮಿನಿಯಂ ಕಂಬ ಉಕ್ಕಿನ ಕೊಳವೆಯೊಳಗೆ ತುಕ್ಕಿನಿಂದ ಕಚ್ಚಿಕೊಂಡಿದ್ದರೆ ಕಾಕಾ ಇದನ್ನು ತರುತ್ತಲೇ ಇರಲಿಲ್ಲ. ಅದನ್ನು ಬಿಡಿಸಲು ಹೋಗಿ ಫ್ರೇಮೇ ಹಾಳಾದ ಉದಾಹರಣೆ ಅವರಿಗೆ ಗೊತ್ತು.

"ಇಲ್ಲೀ ತನಕ ಪಾಸು. ಈಗ ರೇಟು."

ಲ್ಯಾಪ್‌ಟಾಪ್ ತೆರೆದು ಇ-ಬೇಯಲ್ಲಿ ಇಂಥ ಸೈಕಲ್ಲು ಹುಡುಕುತ್ತೇನೆ. 450, 500, ಒಬ್ಬ 650 ಅಂತಲೂ ಹಾಕಿದ್ದಾನೆ. ನಾನು ಹುರುಪಿನಿಂದ ಓದುತ್ತಿದ್ದರೆ ಕಾಕಾ ಬೆರಳು ಚಾಚಿ ಒಂದು ಗುಂಡಿ ಒತ್ತಿಸುತ್ತಾರೆ. ಈಗ ಪರದೆಯ ಮೇಲೆ ಮಾರಾಟವಾದವು ಮಾತ್ರ. 190. 240. ಡಬ್ಬಿಯಿಂದ ತೆಗೆದಂತಿದ್ದ ಒಂದಕ್ಕೆ 310. 650ರದ್ದು ಪಟ್ಟಿಯಲ್ಲೇ ಇಲ್ಲ.

"ಹೇಳೋ ರೇಟು ಅವನ ಆಸೆ. ಕೊಟ್ಟ ರೇಟು ಬಜಾರು."

ನೋಟ್‌ಬುಕ್ಕಿನಲ್ಲಿ ಎರಡು ಸಾಲು ಹುಟ್ಟುತ್ತವೆ. ಎಡಕ್ಕೆ ಬೆಲೆ ಏರಿಸುವಂಥವು, ಬಲಕ್ಕೆ ಇಳಿಸುವಂಥವು.

ಎಡಕ್ಕೆ ಮೊದಲನೆಯದು ಅಳತೆ. ಫ್ರೇಮು ಇಪ್ಪತ್ತೆರಡೂವರೆ ಇಂಚು, ಸುಮಾರು 57 ಸೆಂಟಿಮೀಟರ್. ಇಲ್ಲಿನ ಮಧ್ಯಮ ಎತ್ತರದವರಿಗೆ, ಅದಕ್ಕಿಂತ ಸ್ವಲ್ಪ ಎತ್ತರದವರಿಗೆ ಒಗ್ಗುತ್ತದೆ. ಇದೇ ಸೈಕಲ್ಲು 25 ಇಂಚಿನದಾಗಿದ್ದರೆ ಎಷ್ಟು ಚಂದ ಇದ್ದರೂ ಗಿರಾಕಿಗೆ ಕಾಯಬೇಕಿತ್ತು. ಎರಡನೆಯದು 531. ಮೂರನೆಯದು ವರ್ಷ. ಇಟಲಿಯ ಟಸ್ಕನಿಯ ಗಾಯೋಲೆಯಲ್ಲಿ 1997ರಲ್ಲಿ ಲೆರೋಯ್ಕಾ ಎಂಬ ಸವಾರಿ ಶುರುವಾಯಿತು. ಮಣ್ಣುರಸ್ತೆಯಲ್ಲಿ, ಹಳೆ ಸೈಕಲ್ಲಿನ ಮೇಲೆ, ಹಳೆ ಕಾಲದ ಉಣ್ಣೆ ಜೆರ್ಸಿ ತೊಟ್ಟು. ಬೇರೆ ದೇಶಗಳಿಗೂ ಹಬ್ಬಿ, 2014ರಲ್ಲಿ ಪಕ್ಕದ ಡರ್ಬಿಶೈರಿನ ಬೇಕ್‌ವೆಲ್‌ಗೂ ಬಂತು. ಇಂಥ ಸವಾರಿಗೆ ತರುವ ಸೈಕಲ್ಲು 1987ಕ್ಕಿಂತ ಹಿಂದಿನದಾಗಿರಬೇಕು. ಗೇರಿನ ಕಡ್ಡಿ ಕೆಳಗಿನ ಕೊಳವೆಯ ಮೇಲೆ, ಬ್ರೇಕಿನ ವೈರು ಹ್ಯಾಂಡಲ್ಲಿನ ಹೊರಗೆ, ಪೆಡಲಿಗೆ ಪಾದ ಹಿಡಿಯುವ ಕ್ಲಿಪ್ಪು ಇರಬೇಕು. ನಮ್ಮ ರ‍್ಯಾಲಿಗೆ ಇವೆಲ್ಲವೂ ಇವೆ. ನಾನು ಮನಸ್ಸಿನಲ್ಲೇ ಹಾಕಿಟ್ಟಿದ್ದ ಹೊಸ ಪೆಡಲು, ಹೊಸ ಬ್ರೇಕ್ ಲಿವರುಗಳನ್ನು ಅಲ್ಲೇ ಕೈಬಿಡುತ್ತೇನೆ. ಹಾಕಿದರೆ ದುಡ್ಡೂ ಹೋಗುತ್ತದೆ, ಬೆಲೆಯೂ ಇಳಿಯುತ್ತದೆ.

ಬಲಕ್ಕೆ: ಮಾದರಿಯ ಹೆಸರು ಅಳಿಸಿಹೋಗಿದೆ. ಬಣ್ಣ ಅಲ್ಲಲ್ಲಿ ಕಿತ್ತಿದೆ. ಗಾಲಿ 27 ಇಂಚಿನವು, ಈಗಿನ 700-ಸಿ ಅಲ್ಲ. ಟಯರು ಕೂರುವ ವ್ಯಾಸ ಒಂದಕ್ಕೆ 630 ಮಿಲಿಮೀಟರ್, ಇನ್ನೊಂದಕ್ಕೆ 622. ಎಂಟೇ ಮಿಲಿಮೀಟರಿನ ಫರಕು, ಆದರೆ ಒಂದರ ಟಯರು ಇನ್ನೊಂದಕ್ಕೆ ಹತ್ತುವುದಿಲ್ಲ. 27ಕ್ಕೆ ಒಳ್ಳೆಯ ಟಯರು ಈಗಲೂ ಸಿಗುತ್ತವೆ, ಆಯ್ಕೆ ಮಾತ್ರ ಕಡಿಮೆ.

"ಬಿಡಿಭಾಗ ಮಾಡಿ ಮಾರಿದ್ರ?" ಕೇಳುತ್ತೇನೆ. ಫ್ರೇಮು ಒಬ್ಬರಿಗೆ, ಚರ್ಮದ ಸೀಟು ಇನ್ನೊಬ್ಬರಿಗೆ, ಡಿರೇಲರು ಮತ್ತೊಬ್ಬರಿಗೆ. ಎಷ್ಟೋ ಜನ ಮಾಡುವುದು ಇದನ್ನೇ.

"ತುಟ್ಟಿ ಕಾಂಪಾಗ್ನೋಲೋ ಸೆಟ್ ಇದ್ದಿದ್ರ ಆ ಮಾತು ಬ್ಯಾರೆ. ಇದರಾಗ ಬಿಡಿ ಮಾಡಿದ್ರ ಪಾರ್ಸಲ್ ಖರ್ಚ ಹುಟ್ಟಂಗಿಲ್ಲ."

ಕೊನೆಗೆ ಒಂದು ಗೆರೆ ಎಳೆದು ಕೆಳಗೆ ಬರೆಯುತ್ತಾರೆ: ಹೇಳೋದು 275. ಬಿಡೋದು 250. ಅದರ ಕೆಳಗೆ, ಸಾಮಾನಿಗೆ 120 ದಾಟಬಾರದು.

ಇನ್ನು ಮುಂದೆ ಪ್ರತಿ ಕೆಲಸಕ್ಕೂ ಈ 120ರ ಬೇಲಿ. ಹೊಸದಾಗಿ ಬಣ್ಣ ಹೊಡೆಸುವುದಕ್ಕೇ ಇದಕ್ಕಿಂತ ಹೆಚ್ಚು ಬೇಕು. ಮೇಲಾಗಿ ಹಳೆ ಸೈಕಲ್ ಬಲ್ಲವರು ಗೀರು ಬಿದ್ದ ಮೂಲ ಬಣ್ಣಕ್ಕೆ ಕೊಡುವಷ್ಟನ್ನು ಫಳಫಳ ಹೊಸ ಬಣ್ಣಕ್ಕೆ ಕೊಡುವುದಿಲ್ಲ. ಹೊಸ ಬಣ್ಣದ ಅಡಿಯಲ್ಲಿ ಏನು ಮುಚ್ಚಿದ್ದಾರೋ ಎಂಬ ಅನುಮಾನ ಅವರಿಗೆ. ಹಾಗಾಗಿ ಸೋಪಿನ ನೀರು, ಮೆತ್ತಗಿನ ಬಟ್ಟೆ, ಮೇಲೊಂದು ಕೈ ಮೇಣ. ಕಿತ್ತ ಜಾಗ ಕಿತ್ತ ಹಾಗೇ.

ತುಕ್ಕಿಗೆ ಎರಡು ಮದ್ದು. ಹ್ಯಾಂಡಲ್ಲಿನ ಕತ್ತು, ಬೋಲ್ಟು, ಸಣ್ಣಪುಟ್ಟ ಉಕ್ಕಿನ ಸಾಮಾನು ಆಕ್ಸಾಲಿಕ್ ಆಮ್ಲ ಬೆರೆಸಿದ ಬಕೆಟ್ಟಿಗೆ ಇಳಿಯುತ್ತವೆ. ಕೈಗೆ ರಬ್ಬರ್ ಗ್ಲೌಸು, ಬಾಗಿಲು ಪೂರ್ತಿ ಮೇಲಕ್ಕೆ. ಕ್ರೋಮ್ ಇರುವ ಕಡೆ ಇಷ್ಟೂ ಬೇಡ. ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯನ್ನು ಉಂಡೆ ಮಾಡಿ, ನೀರಿನಲ್ಲಿ ಅದ್ದಿ ಉಜ್ಜುತ್ತೇನೆ. ಕಂದು ಬಣ್ಣದ ಕೆಸರು ಎದ್ದು ಅಡಿಯಿಂದ ಬಿಳಿ ಹೊಳಪು ಬರುತ್ತದೆ. ಕ್ರೋಮ್ ಪೂರ್ತಿ ತಿಂದುಹೋದ ಕಡೆ ಮಾತ್ರ ಚುಕ್ಕಿಗಳು ಹಾಗೇ ಉಳಿಯುತ್ತವೆ.

ಈಗ ಓವರಾಯಿಲಿಂಗ್. ಹಿಂದಿನ ಗಾಲಿಯ ಅಚ್ಚು ಬಿಚ್ಚಿದರೆ ಗ್ರೀಸು ಹಳದಿ ಮೇಣವಾಗಿದೆ. ಕಾಲಿಂಚಿನ ಗುಂಡುಗಳು ಪ್ರತಿ ಬದಿಗೆ ಒಂಬತ್ತರಂತೆ ತಟ್ಟೆಗೆ ಉದುರುತ್ತವೆ. ಮುಂದಿನ ಗಾಲಿಯವು ಇನ್ನೂ ಸಣ್ಣ, ಬದಿಗೆ ಹತ್ತು. ಹಳೆ ಗುಂಡು ಹೊಳೆದರೂ ಮತ್ತೆ ಹಾಕುವುದಿಲ್ಲ. ಹೊಸದು ಅಗ್ಗ. ಕೋನಿನ ಮೇಲೆ ಗುಂಡು ಓಡಿದ ದಾರಿಯನ್ನು ಕಾಕಾ ಪೆನ್ನಿನ ತುದಿಯಿಂದ ಗೀಚಿ ನೋಡುತ್ತಾರೆ. ಹಳ್ಳಕ್ಕೆ ತುದಿ ಸಿಕ್ಕಿದರೆ ಕೋನು ಹೋಯಿತು ಅಂತ ಅರ್ಥ. ಸಿಗುವುದಿಲ್ಲ. ಹೊಸ ಗ್ರೀಸು, ಹೊಸ ಗುಂಡು. ಕೋನು ಬಿಗಿದು ಗಾಲಿಯನ್ನು ಕೈಯಲ್ಲಿ ಹಿಡಿದು ತಿರುಗಿಸಿದರೆ ಅಚ್ಚು ಬೆಣ್ಣೆಯಲ್ಲಿ ತಿರುಗಿದ ಹಾಗಿದೆ.

ಪೆಡಲಿನ ಅಚ್ಚಿನ ಹತ್ತಿರ ಬಂದಾಗ ಕಾಕಾ ಮತ್ತೆ ನಿಲ್ಲುತ್ತಾರೆ. ಇಲ್ಲಿ ರ‍್ಯಾಲಿಯ ಹಳೆ ಹಠವೊಂದಿದೆ. ಇಂಗ್ಲೆಂಡಿನ ಮಿಕ್ಕವರ ತಿರುಪಿನ ಮರೆ ಇಂಚಿಗೆ 24 ಸುತ್ತಿನದಾದರೆ, ರ‍್ಯಾಲಿ ತನ್ನ ಎಷ್ಟೋ ಸೈಕಲ್ಲುಗಳಿಗೆ 26 ಸುತ್ತಿನದು ಹಾಕುತ್ತಿತ್ತು. 26 ಇದ್ದರೆ ಈಗಿನ ಸಾಮಾನ್ಯ ಮುಚ್ಚಿದ ಬೇರಿಂಗ್ ಕಾರ್ಟ್ರಿಜ್ ಹತ್ತುವುದಿಲ್ಲ. ಬಲಗಡೆಯ ಕಪ್ಪನ್ನು ತೆಗೆಯುತ್ತೇವೆ. ಅದು ಎಡಮರೆ, ಗಡಿಯಾರ ತಿರುಗುವ ದಿಕ್ಕಿಗೆ ತಿರುಗಿಸಿದರೆ ಬಿಚ್ಚುತ್ತದೆ. ಅದರ ಮರೆಗೆ ಹಲ್ಲಿನ ಗೇಜು ಹಿಡಿದರೆ 24ರ ಹಲ್ಲು ಸಂದಿಲ್ಲದೆ ಕೂತುಕೊಳ್ಳುತ್ತದೆ. ಹೊಸ ಕಾರ್ಟ್ರಿಜ್ ಹಾಕಬಹುದು. 18 ಪೌಂಡು.

ಚೈನಿಗೆ ಅಡಿಪಟ್ಟಿ. ಹೊಸ ಚೈನಿನಲ್ಲಿ ಪಿನ್ನಿನಿಂದ ಪಿನ್ನಿಗೆ 12 ಪೂರ್ತಿ ಕೊಂಡಿಗೆ ಸರಿಯಾಗಿ 12 ಇಂಚು. ಒಂದು ಇಂಚಿನ ಹದಿನಾರನೇ ಒಂದು ಭಾಗ ಹೆಚ್ಚಿದ್ದರೆ ಚೈನು ಬದಲಿಸಬೇಕು. ಎಂಟನೇ ಒಂದು ಭಾಗ ಹೆಚ್ಚಿದ್ದರೆ ಹಿಂದಿನ ಹಲ್ಲುಚಕ್ರಗಳೂ ಸವೆದಿರುತ್ತವೆ. ನಮ್ಮದು ಮೊದಲ ಗೆರೆಯನ್ನು ದಾಟಿದೆ, ಎರಡನೆಯದನ್ನು ಮುಟ್ಟಿಲ್ಲ. ಚೈನು ಹೊಸದು, ಹಿಂದಿನ ಹಲ್ಲುಚಕ್ರಗಳ ಫ್ರೀವ್ಹೀಲು ಹಳೆಯದೇ. ಗಾಲಿಯ ಬೆಂಡು ತೆಗೆದು, ಹೊಸ ಟಯರು, ಟ್ಯೂಬು ಕೂರಿಸುತ್ತೇವೆ. ರಿಮ್ಮು ಅಲ್ಯೂಮಿನಿಯಂ. ಉಕ್ಕಿನದಾಗಿದ್ದರೆ ಇಲ್ಲಿನ ಮಳೆಯಲ್ಲಿ ಬ್ರೇಕು ಹಿಡಿಯುವುದೇ ಕಷ್ಟ. ಬ್ರೇಕಿಗೆ ಇಟ್ಟಿಗೆ ಬಣ್ಣದ ಹೊಸ ರಬ್ಬರು, ವೈರುಗಳೆಲ್ಲ ಹೊಸದು. ಹ್ಯಾಂಡಲ್ಲಿಗೆ ಬಟ್ಟೆಯ ಟೇಪನ್ನು ಕಾಕಾನೇ ಸುತ್ತುತ್ತಾರೆ, ಪ್ರತಿ ಸುತ್ತೂ ಹಿಂದಿನದರ ಅರ್ಧ ಮುಚ್ಚುವಂತೆ.

"ಗಿರಾಕಿ ಬಂದ ಕೂಡ್ಲೆ ಏನು ಮುಟ್ತಾನ? ಹ್ಯಾಂಡಲ್ಲು. ಆಮ್ಯಾಲೆ ಬ್ರೇಕ್ ಹಿಡೀತಾನ. ಆಮ್ಯಾಲೆ ಟಯರ್ ಒತ್ತತಾನ. ಆ ಮೂರಕ್ಕ ರೊಕ್ಕ ಹಾಕು."

ಸಾಮಾನಿನ ಲೆಕ್ಕ: ಟಯರು 40, ಟ್ಯೂಬು 10, ವೈರು 14, ಬ್ರೇಕ್ ರಬ್ಬರು 10, ಚೈನು 10, ಟೇಪು 12, ಕಾರ್ಟ್ರಿಜ್ 18. ಒಟ್ಟು 114. ಗುಂಡು, ಗ್ರೀಸು ಡಬ್ಬಿಯಲ್ಲಿ ಇದ್ದವು.

ತೊಳೆದು ಮೇಣ ಹಚ್ಚಿದ ಕೆಂಪು ಫ್ರೇಮು ದೀಪದಡಿ ನಿಂತಾಗ ನನಗೆ ಒಂದು ಆಸೆ ಹುಟ್ಟುತ್ತದೆ. ಟಿ.ಐ.-ರ‍್ಯಾಲಿ ರೇಸ್ ತಂಡದ ಬಣ್ಣ ಕೆಂಪು, ಕಪ್ಪು, ಹಳದಿ. 1980ರಲ್ಲಿ ಯೋಪ್ ಜೂಟಮೆಲ್ಕ್ ಟೂರ್ ದ ಫ್ರಾನ್ಸ್ ಗೆದ್ದದ್ದು ಆ ತಂಡದಿಂದಲೇ. ಅದರ ನಕಲು ಸ್ಟಿಕರಿನ ಸೆಟ್ಟು ಫೋನಿನಲ್ಲೇ ತರಿಸಬಹುದು. ಹೇಗೂ ಇದರ ಹೆಸರು ಅಳಿಸಿದೆ. ಅಂಟಿಸಿದರೆ 100 ಪೌಂಡಾದರೂ ಜಾಸ್ತಿ ಕೇಳಬಹುದು. ಕಾಕಾಗೆ ತೋರಿಸುತ್ತೇನೆ.

"ಟಿ.ಐ. ಅಂದ್ರ ಏನು ಗೊತ್ತೈತೇನು?"

"ಟ್ಯೂಬ್ ಇನ್ವೆಸ್ಟ್‌ಮೆಂಟ್ಸ್."

"ಹೂಂ. 1960ರಾಗ ಅವ್ರು ರ‍್ಯಾಲಿ ತಗೊಂಡ್ರು. ಅದಕ್ಕೂ ಮೊದಲ, 1949ರಾಗ, ಮದ್ರಾಸಿನ ಮುರುಗಪ್ಪ ಮಂದಿ ಜೋಡಿ ಸೇರಿ ಟಿ.ಐ. ಸೈಕಲ್ಸ್ ಮಾಡಿದ್ರು. ನಮ್ಮ ಕಡೆ ಹರ್ಕ್ಯುಲಿಸ್, ಬಿಎಸ್‌ಎ ಬರತಿದ್ವಲ್ಲ, ಅಂಬತ್ತೂರಿಂದ, ಅವೆಲ್ಲ ಅವರವ. ಧಾರವಾಡದಾಗ ತಾಸಿನ ಬಾಡಿಗಿಗೆ ತಗೊಂಡು ನಾ ಕಲತದ್ದು ಒಂದು ಹರ್ಕ್ಯುಲಿಸ್." ಫೋನನ್ನು ನನಗೆ ವಾಪಸು ಕೊಡುತ್ತಾರೆ. "ಆ ಅಂಗಡ್ಯಾವ ಹಳೆ ಫ್ರೇಮಿಗೆ ಹೊಸ ಸ್ಟಿಕರ್ ಹಚ್ಚಿ ಹೊಸದಂತ ಮಾರತಿದ್ದ. ಊರಿಗೆಲ್ಲ ಗೊತ್ತಾತು. ಆಮ್ಯಾಲೆ ಖರೇ ಹೊಸದು ಇಟ್ರೂ ಯಾರೂ ನಂಬಲಿಲ್ಲ. ಇದು ಬ್ಯಾಡ."

ಚರ್ಚೆ ಅಲ್ಲಿಗೆ ಮುಗಿಯುತ್ತದೆ.

ಫೋಟೊ ತೆಗೆಯುವುದು ಗ್ಯಾರೇಜಿನ ಹೊರಗೆ, ಬಿಳಿ ಗೋಡೆಯ ಎದುರು, ಮೋಡ ಕವಿದ ಬೆಳಕಿನಲ್ಲಿ. ಚೈನಿರುವ ಬದಿಯೇ ಕ್ಯಾಮೆರಾಕ್ಕೆ. ಚೈನು ದೊಡ್ಡ ಹಲ್ಲುಚಕ್ರದ ಮೇಲೆ. ಪೆಡಲಿನ ತೋಳು ಹಿಂದಿನ ಕೊಳವೆಗೆ ಸಮಾನಾಂತರ. ಎರಡೂ ಗಾಲಿಯ ವಾಲ್ವು ನೆಟ್ಟಗೆ ಕೆಳಕ್ಕೆ, ಟಯರಿನ ಹೆಸರು ಸರಿಯಾಗಿ ವಾಲ್ವಿನ ಮೇಲೆ. ಇಷ್ಟು ಶಿಸ್ತು ಕಂಡರೆ ಒಳಗಿನ ಕೆಲಸವನ್ನೂ ಹೀಗೇ ಮಾಡಿರುತ್ತಾರೆ ಎಂದು ಬಲ್ಲವರು ಊಹಿಸುತ್ತಾರೆ. ಆಮೇಲೆ ಹತ್ತಿರದ ಚಿತ್ರಗಳು: 531ರ ಅರ್ಧ ಸ್ಟಿಕರು, ಬಣ್ಣ ಕಿತ್ತ ಜಾಗ, ಕ್ರೋಮಿನ ಚುಕ್ಕಿ. ಕೊನೆಯ ಎರಡನ್ನು ನಾನು ಬಿಟ್ಟುಬಿಡೋಣ ಅಂದರೆ ಕಾಕಾ ಅವನ್ನೇ ಮುಂದಕ್ಕೆ ತರಿಸುತ್ತಾರೆ. ದೂರದಿಂದ ಬಂದವನು ಇಲ್ಲಿ ಗೀರು ಕಂಡರೆ ಚೌಕಾಸಿ ಶುರು. ಮೊದಲೇ ಕಂಡಿದ್ದರೆ ಅದು ಬೆಲೆಯೊಳಗೇ ಸೇರಿದ ಮಾತು.

ಜಾಹೀರಾತು ಉದ್ದವಿಲ್ಲ. ನಾಟಿಂಗ್‌ಹ್ಯಾಮ್, 1983. ರೆನಾಲ್ಡ್ಸ್ 531. ಫ್ರೇಮಿನ ಅಳತೆ, ಗಾಲಿಯ ಅಳತೆ. ಹೊಸದಾಗಿ ಹಾಕಿದ್ದು ಇಂಥಿಂಥದ್ದು, ಹಳೆಯದು ಇಂಥಿಂಥದ್ದು. ಮಾದರಿಯ ಹೆಸರು ಉಳಿದಿಲ್ಲ. 275 ಪೌಂಡ್. "ಅಪರೂಪ" ಎಂಬ ಪದವನ್ನು ನಾನು ಸೇರಿಸಿದ್ದೆ, ಕಾಕಾ ಅಳಿಸಿದ್ದಾರೆ. ಈ ಫ್ರೇಮು ಹುಟ್ಟಿದ ಕಾರ್ಖಾನೆ ಇಲ್ಲಿಂದ ಕೆಲವೇ ಮೈಲಿ. ಈಗ ಆ ಜಾಗದಲ್ಲಿ ವಿಶ್ವವಿದ್ಯಾಲಯದ ಜುಬಿಲಿ ಕ್ಯಾಂಪಸ್ ಇದೆ. ಈ ಊರಿನ ಹಳೆ ಮನೆಗಳ ಶೆಡ್ಡಿನಲ್ಲಿ ರ‍್ಯಾಲಿ ಅಪರೂಪವೇನಲ್ಲ.

ಗಿರಾಕಿಯಾಗಿ ಬಂದದ್ದು ಉದ್ದ ಕಾಲಿನ ಒಬ್ಬ ಹುಡುಗಿ. ಬೇಕ್‌ವೆಲ್ ಸವಾರಿಗೆ ಹೋದ ಗೆಳೆಯರನ್ನು ನೋಡಿ ಆಸೆ ಹುಟ್ಟಿದೆಯಂತೆ. ಕಾಕಾ ಹೇಳಿದ ಕ್ರಮದಲ್ಲೇ ಹ್ಯಾಂಡಲ್ ಹಿಡಿಯುತ್ತಾಳೆ, ಬ್ರೇಕ್ ಒತ್ತುತ್ತಾಳೆ, ಟಯರು ಹಿಚುಕುತ್ತಾಳೆ. ನನಗೆ ನಗು ತಡೆಯುವುದು ಕಷ್ಟ. ಕಾಕಾ ಮೊದಲು ಅವಳನ್ನು ಮೇಲಿನ ಕೊಳವೆಯ ಎರಡೂ ಬದಿ ಕಾಲಿಟ್ಟು ನಿಲ್ಲಲು ಹೇಳುತ್ತಾರೆ. ನಡುವೆ ಎರಡು ಬೆರಳಿನ ಜಾಗ.

"ಅಳತೆ ಸರಿ ಇದೆ. ಇಲ್ಲದಿದ್ದರೆ ಕೊಡುತ್ತಿರಲಿಲ್ಲ," ಅನ್ನುತ್ತಾರೆ ಇಂಗ್ಲಿಷಿನಲ್ಲಿ.

ಜಾಮೀನಿಗೆ ಹಣ ಕಾಕಾನ ಕೈಲಿಟ್ಟು ಅವಳು ಬೀದಿಯ ಕೊನೆಯವರೆಗೆ ಹೋಗಿ ಬರುತ್ತಾಳೆ. ಕೊಳವೆಯ ಮೇಲಿನ ಗೇರಿನ ಕಡ್ಡಿ ಅವಳಿಗೆ ಹೊಸದು, ಮೊದಲ ಸಲ ಚೈನು ಕಟಕಟ ಅನ್ನುತ್ತದೆ. ಎರಡನೆಯ ಸುತ್ತಿಗೆ ಸದ್ದಿಲ್ಲ. ಕೆಳಗಿಳಿದು ಕಿತ್ತ ಬಣ್ಣದ ಕಡೆ ನೋಡುತ್ತಾಳೆ.

"ಇದು ಫೋಟೊದಲ್ಲೇ ಇತ್ತು," ತಾನೇ ಹೇಳಿಕೊಳ್ಳುತ್ತಾಳೆ. ಆಮೇಲೆ, "220?"

"260."

"240."

"250. ಇನ್ನೊಂದು ಮಾತು ಸೇರಿಸುತ್ತೇನೆ. ನೂರು ಮೈಲಿ ಓಡಿಸಿದ ಮೇಲೆ ಇಲ್ಲಿಗೆ ತನ್ನಿ. ಹೊಸ ವೈರು ಸಡಿಲ ಬಿಡುತ್ತದೆ. ಪೆಡಲ್ ತೋಳಿನ ಬೋಲ್ಟನ್ನೂ ಒಂದು ಸಲ ಬಿಗಿಯಬೇಕು, ಸಡಿಲ ಓಡಿಸಿದರೆ ತೋಳಿನ ಚೌಕ ರಂಧ್ರ ಸವೆದು ಹಾಳಾಗುತ್ತದೆ. ದುಡ್ಡು ತೆಗೆದುಕೊಳ್ಳುವುದಿಲ್ಲ."

ಅವಳು ಕೈ ಚಾಚುತ್ತಾಳೆ. ಕೊಂಡವಳ ಹೆಸರು, ಕೊಟ್ಟವರ ಹೆಸರು, ಫ್ರೇಮಿನ ನಂಬರು ಬರೆದ ರಸೀತಿ ಕೈ ಬದಲಾಗುತ್ತದೆ.

ಅವಳು ಹೋದ ಮೇಲೆ ನಾನು ಲೆಕ್ಕ ಮಾಡುತ್ತೇನೆ. ಕೊಂಡದ್ದು 60, ಸಾಮಾನು 114, ಒಟ್ಟು 174. ಉಳಿದದ್ದು 76 ಪೌಂಡ್. ಇಬ್ಬರು ಕೂಡಿ ಮಾಡಿದ ಕೆಲಸಕ್ಕೆ ಇದನ್ನು ಹಂಚಿದರೆ ಇಲ್ಲಿನ ಕನಿಷ್ಠ ಕೂಲಿಯ ಹತ್ತಿರಕ್ಕೂ ಬರುವುದಿಲ್ಲ.

"ತಾಸಿಗೆ ಎಷ್ಟು ಬಿತ್ತು ಅಂತ ನೋಡಾಕತ್ತೀ ಏನು?"

"ಹೌದ್ರಿ."

"ನಮ್ಮ ತಾಸಿಗೆ ಅಕಿ ಯಾಕ ರೊಕ್ಕ ಕೊಡ್ತಾಳ? ಅಕಿ ಕೊಟ್ಟದ್ದು ಓಡೋ ಸೈಕಲ್ಲಿಗೆ." ಕಾಕಾ ನೋಟ್‌ಬುಕ್ಕಿನ ಆ ಪುಟ ತೆರೆದು ತೋರಿಸುತ್ತಾರೆ. ಮೊದಲ ದಿನ ಬರೆದ 250, ಇವತ್ತಿನ 250. "ಬಣ್ಣ ಹೊಡಿಸಿದ್ರ, ಪೆಡಲ್ ಹಾಕಿದ್ರ, ಸ್ಟಿಕರ್ ಹಚ್ಚಿದ್ರ ನೀ ಇನ್ನೂ ದುಡೀತಿದ್ದಿ, ಉಳಿಯೋದು ಇದಕ್ಕಿಂತ ಕಮ್ಮಿ ಇರ್ತಿತ್ತು. ಎಲ್ಲಿ ಕೈ ಬಿಡಬೇಕು ಅನ್ನೋದು ಗೊತ್ತಿದ್ರ ಮಾತ್ರ ಈ ಧಂದೆಕ್ಕ ಕೈ ಹಾಕು."

ಆಮೇಲೆ ಅದೇ ಪುಟದ ಅಂಚಿನಲ್ಲಿ ಹುಡುಗಿಯ ಫೋನ್ ನಂಬರು ಬರೆದು, ಪಕ್ಕದಲ್ಲಿ "100 ಮೈಲಿ, ಬೋಲ್ಟು" ಅಂತ ಸೇರಿಸುತ್ತಾರೆ. ಅವಳು ಮರೆತರೂ ತಾನೇ ಫೋನ್ ಮಾಡಿ ಕರೆಸುತ್ತಾರಂತೆ. 250ರಲ್ಲಿ ಆ ಕೆಲಸವೂ ಸೇರಿದೆ.